ಪುರುಡಿನಲ್ಲಿ ಎಣಿಸದ ಹನ್ನೆರಡು ದಿನ

ನನ್ನ ಮೊಮ್ಮಗಳಿಗೆ ಈಗ ಎಂಟು ತಿಂಗಳು. ನಾನು ಬರೆಯಲು ಕುಳಿತರೆ ಅಂಬೆಗಾಲಿಟ್ಟು ಬಂದು ಕಾಗದದ ತುದಿ ಹಿಡಿದು ಎಳೆಯುತ್ತಾಳೆ. ಎಳೆಯಲಿ. ಕೆಳಗಿನ ಎರಡು ಹಲ್ಲು ಬಂದಿವೆ, ನಕ್ಕರೆ ಅವೆರಡೇ ಕಾಣುತ್ತವೆ. ಬೀದರಿನ ನಮ್ಮ ಓಣಿಯಲ್ಲಿ ಆ ಹಲ್ಲಿನ ಸುದ್ದಿ ನನ್ನಿಂದ ಕೇಳದವರು ಯಾರೂ ಉಳಿದಿಲ್ಲ. ಅಂಥ ಹೊತ್ತಿನಲ್ಲಿ ದುಃಖದ ಮಾತು ಬರೆಯುವುದು ಬೇಡ ಅನ್ನಿಸುತ್ತದೆ. ಆದರೂ ಬರೆಯಬೇಕು. ಈ ಸಂತೋಷವೂ ಅಕ್ಕನಿಗೆ ನನ್ನಿಂದಾದ ಅನ್ಯಾಯವೂ ಒಂದೇ ದಿನ ಶುರುವಾದವು.

ನಾನು ಹೊಲಿಗೆಯವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟೆ. ಓದಲು ಬರುತ್ತದೆ, ಬೆರಳಿಟ್ಟು ನಿಧಾನ. ಅಕ್ಕ ಔರಾದಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಆಕೆ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಆದರೆ ಕೂಸುಗಳ ಬಟ್ಟೆ ಹೊಲಿಯುವುದರಲ್ಲಿ ಅವಳ ಸರಿಸಾಟಿ ನಾನು ಕಂಡಿಲ್ಲ. ತಲೆಗೆ ಟೊಪ್ಪಿಗೆಯಂತೆ ಕುಳಿತು ಬೆನ್ನ ಮೇಲೆ ಇಳಿಬೀಳುವ ಕುಂಚಿಗೆ, ಕೊರಳಪಟ್ಟಿ ಇಲ್ಲದ ಅಂಗಿ, ತೊಟ್ಟಿಲ ಹಾಸು, ಹೀಗೆ ಹನ್ನೊಂದು ಬಗೆ. ಔರಾದಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಕಲಿಸಿದ್ದಾಳೆ. ಒಬ್ಬೊಬ್ಬರಿಗೆ ಎರಡು ಬಗೆ, ಮೂರು ಬಗೆ ಬರುತ್ತವೆ. ಹನ್ನೊಂದೂ ಬರುವುದು ಅವಳೊಬ್ಬಳಿಗೇ.

ಹೋದ ವರ್ಷ ಒಂದು ದಿನ ಕುಂಚಿಗೆ ಕತ್ತರಿಸುತ್ತಿದ್ದವಳು ಕತ್ತರಿ ಎತ್ತಿ ಹಿಡಿದು ಸುಮ್ಮನೆ ಕುಳಿತಳು. "ಮುಂದ ಏನ್ ಮಾಡ್ತಿದ್ದೆ ನಾ?" ಎಂದು ನನ್ನನ್ನೇ ಕೇಳಿದಳು. ನಾನು ತಮಾಷೆ ಅಂದುಕೊಂಡೆ. ಮತ್ತೆ ಎರಡು ಸಲ ಹಾಗೇ ಆದ ಮೇಲೆ ಬೀದರಿನ ಡಾಕ್ಟರರಿಗೆ ತೋರಿಸಿದೆವು. ನೆನಪು ಹೋಗುವ ರೋಗ, ಮೊದಲು ನಿಧಾನ, ಆಮೇಲೆ ಬೇಗ ಅಂದರು. "ಏನರೆ ಕೇಳಿ ಬರೆದಿಡೋದು ಇದ್ರ ಈಗೇ ಬರೆದಿಡ್ರಿ" ಅಂದರು. ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಅಕ್ಕನೇ ಮಾತು ತೆಗೆದಳು.

"ಹನ್ನೊಂದೂ ಬರ್ಕೊ. ನನ್ನ ಹೆಣ್ಮಕ್ಕಳ ಕೈಯಾಗ ಹೋಗ್ಬೇಕು. ಅದು ನಂದ ಅನ್ನೋದು ನಾ ಮರಿಯೂದ್ರೊಳಗ ಹೋಗ್ಬೇಕು."

ಆಕೆ ಬೇಡಿದ್ದು ಅಷ್ಟೇ.

ಪ್ರತಿ ವಾರ ಔರಾದಿನ ಬಸ್ ಹಿಡಿದೆ. ಆಗ ನನ್ನ ಮಗಳು ಬಸುರಿ. ಮನೆತನದಲ್ಲಿ ಬಸುರಿ ಇದ್ದಾಗ ಹುಟ್ಟದ ಕೂಸಿಗೆ ಬಟ್ಟೆ ಕತ್ತರಿಸಬಾರದು ಎಂಬ ಕಟ್ಟು ನಮ್ಮಲ್ಲಿದೆ. ಹಾಗಾಗಿ ಹನ್ನೊಂದನ್ನೂ ಹಳೆಯ ಪೇಪರಿನಲ್ಲೇ ಕತ್ತರಿಸಿದಳು ಅಕ್ಕ. ಅವಳಿಗೆ ಬಾಯಿಂದ ಹೇಳಲು ಬರುತ್ತಿರಲಿಲ್ಲ, ಗೊತ್ತಿದ್ದದ್ದು ಕೈಗೆ. ನಡುವೆ ತಡೆದು "ಎಷ್ಟ ಇಟ್ಟಿ?" ಅಂದರೆ ಕೈ ನಿಂತುಬಿಡುತ್ತಿತ್ತು, ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಆಮೇಲೆ ನಾನು ಉಪಾಯ ಮಾಡಿದೆ. ಪೂರ್ತಿ ಕತ್ತರಿಸಲು ಬಿಟ್ಟು, ಆಮೇಲೆ ಪೇಪರು ಬಿಚ್ಚಿ, ಒಂದೊಂದು ಮಡಿಕೆಗೂ ನಂಬರು ಹಾಕಿ, ಟೇಪು ಹಿಡಿದು ಇಂಚಿನಲ್ಲಿ ಬರೆದುಕೊಂಡೆ. ಕುಂಚಿಗೆಯ ನೆತ್ತಿಯ ಮಡಿಕೆ ಒಂದಕ್ಕೇ ಏಳು ಪೇಪರು ಹೋದವು.

ಭಾಲ್ಕಿಯಲ್ಲಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುವ ನನ್ನ ಮಗಳು ಅದನ್ನೆಲ್ಲ ಟೈಪ್ ಮಾಡಿದಳು, ಚಿತ್ರ ಬರೆದಳು, ಪೇಪರು ಕತ್ತರಿಸಿದ್ದರ ಫೋಟೋ ಸೇರಿಸಿದಳು. ಛಾಪಿಸುವವರು ಕೇಳಿದಷ್ಟು ರೊಕ್ಕ ನಮ್ಮಲ್ಲಿರಲಿಲ್ಲ. ಫೋನಿನಲ್ಲಿ ಓದುವ ಇ-ಪುಸ್ತಕ ನಾವೇ ಮಾಡಿ ಇಂಟರ್ನೆಟ್ಟಿನ ಪುಸ್ತಕದಂಗಡಿಗಳಲ್ಲಿ ನಾವೇ ಹಾಕಬಹುದು ಅಂದಳು. ಒಂಬತ್ತು ತಿಂಗಳು ತುಂಬಿ ಹೆರಿಗೆಗೆ ಬೀದರಿಗೆ ಬಂದಾಗ ಪುಸ್ತಕವೂ ತಯಾರಾಗಿತ್ತು. ಲ್ಯಾಪ್‌ಟಾಪ್ ದಿಂಬಿನ ಮೇಲಿಟ್ಟುಕೊಂಡು ನನ್ನನ್ನು ಕರೆದಳು.

"ಅವ್ವಾ, ಎರಡು ದಾರಿ ಅವ. ಒಂದೇ ಅಂಗಡಿಗಿ ಕೊಟ್ರ ಅವ್ರು ಮುಂದ ಇಟ್ಟು ತೋರಸ್ತಾರ. ಖರೆ ತೊಂಬತ್ತು ದಿನ ಮತ್ತೆಲ್ಲೂ ಕೊಡಂಗಿಲ್ಲ. ವಾಟ್ಸಾಪ್ ಮ್ಯಾಲ ಸುದ್ದಾ ಕಳಸಂಗಿಲ್ಲ."

"ಎರಡನೇದು?"

"ಎಲ್ಲಾ ಅಂಗಡಿಗೂ ಹಾಕೋದು, ಬೇಕಾದವ್ರಿಗಿ ಫೈಲ್ ಕೊಡೋದು. ಅದಕ್ಕ ಒಂದೊಂದು ಕಡಿ ಒಂದೊಂದು ಅರ್ಜಿ, ಒಂದೊಂದು ಅಳತಿ ಮುಖಪುಟ. ಆರು ಅರ್ಜಿ ತುಂಬಬೇಕು."

ನಾನು ಅವಳ ಕಾಲು ನೋಡಿದೆ. ಬಾತು ದಿಂಡಿನಂತಾಗಿದ್ದವು.

"ಒಂದೇ ಕಡಿ ಹಾಕಿ ಮಲ್ಕೊ," ಅಂದೆ.

"ದೊಡ್ಡವ್ವಗ ಒಂದು ಮಾತು ಕೇಳಂಗಿಲ್ಲೇನು?"

"ಆಕಿಗಿ ಏನ್ ಕೇಳ್ತಿ? ದೊಡ್ಡ ಅಂಗಡಿ ಮುಂದ ಆಕಿ ಹೆಸರು ಕಾಣಸ್ತದಂದ್ರ ಕುಣಿತಾಳ."

ಅಕ್ಕನನ್ನು ಕೇಳದೆ ನಾನೇ ತೀರ್ಮಾನ ಮಾಡಿದ್ದು ಹೀಗೆ. ಆಕೆಗೆ ಬೇಕಾದದ್ದು ದೊಡ್ಡ ಅಂಗಡಿಯಲ್ಲ, ತನ್ನ ಹೆಣ್ಣುಮಕ್ಕಳ ಕೈ ಎಂದು ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಹೇಳಿದ್ದಳು. ನಾನು ಕೇಳಿಯೂ ಇದ್ದೆ. ಆದರೆ ಆ ವಾರ ನನ್ನ ತಲೆಯಲ್ಲಿ ಕೂಸು ಬಿಟ್ಟರೆ ಬೇರೇನೂ ಇರಲಿಲ್ಲ.

ಮಗಳು ಒಂದು ಮಾತು ಹೇಳಿಯೇ ಗುಂಡಿ ಒತ್ತಿದಳು. ತೊಂಬತ್ತು ದಿನ ಮುಗಿದರೆ ಕರಾರು ತಾನಾಗಿಯೇ ಮತ್ತೆ ತೊಂಬತ್ತು ದಿನಕ್ಕೆ ಮುಂದುವರಿಯುತ್ತದೆ, ಅದಕ್ಕೆ ಒಂದು ಟಿಕ್ ಗುರುತು ಇರುತ್ತದೆ, ಅವಧಿ ಮುಗಿಯುವುದರೊಳಗೆ ಅದನ್ನು ತೆಗೆಯಬೇಕು.

"ಬಾಳಂತನದಾಗ ನನಗ ನೆಪ್ಪ ಇರಂಗಿಲ್ಲವ್ವಾ."

"ಅದು ನನ್ನ ಮ್ಯಾಲ ಬಿಡು. ನಾ ಎಣಸ್ತೇನಿ."

ಮೂರನೆಯ ದಿನ ಬೆಳಿಗ್ಗೆ ಮೊಮ್ಮಗಳು ಹುಟ್ಟಿದಳು. ಅವಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ ನರ್ಸಮ್ಮನ ಮುಖ ನೆನಪಿಲ್ಲ, ಆ ಕೂಸಿನ ಬಿಸಿ ನೆನಪಿದೆ. ನಾನು ಆಸ್ಪತ್ರೆಯ ಹೊರಗೆ ನಿಂತ ಆಟೋದವರಿಗೆಲ್ಲ ಪೇಢೆ ಹಂಚಿದೆ. ಅವರಲ್ಲೊಬ್ಬರು "ಗಂಡೇನ್ರಿ?" ಅಂದರು. "ಹೆಣ್ಣರಿ, ಅದಕ್ಕ ಎರಡೆರಡು ತಗೋರಿ" ಅಂದೆ. ಮಧ್ಯಾಹ್ನ ಮಗಳ ಫೋನಿಗೆ ಸಂದೇಶ ಬಂತು. ಪುಸ್ತಕ ಅಂಗಡಿ ಸೇರಿತ್ತು, ತೊಂಬತ್ತು ದಿನ ಇಂದಿನಿಂದಲೇ ಶುರು. ಮಗಳು ಹಾಸಿಗೆಯಿಂದಲೇ ತೋರಿಸಿದಳು. ಅಕ್ಕನ ಹೆಸರು ಮೇಲೆ, ನನ್ನದು ಕೆಳಗೆ. ನಾನು ಒಂದು ಕಣ್ಣಿನಿಂದ ಅದನ್ನು ನೋಡಿದೆ, ಇನ್ನೊಂದು ಕಣ್ಣು ತೊಟ್ಟಿಲ ಕಡೆಗಿತ್ತು.

ಎಣಿಸುವ ಕೆಲಸ ನನ್ನದಲ್ಲವೇ? ನಮ್ಮ ಮನೆಯ ಕ್ಯಾಲೆಂಡರು ದೇವರ ಮಾಡದ ಪಕ್ಕದ ಮೊಳೆಗೆ ತೂಗುತ್ತದೆ. ಕೂಸು ಹುಟ್ಟಿದರೆ ಮನೆಗೆ ಪುರುಡು. ಪುರುಡು ಕಳೆಯುವ ತನಕ ದೇವರ ಮಾಡದ ಹತ್ತಿರ ಹೋಗುವುದಿಲ್ಲ, ದೀಪ ಮುಟ್ಟುವುದಿಲ್ಲ, ಯಾವ ಕೆಲಸವನ್ನೂ ಆರಂಭ ಮಾಡುವುದಿಲ್ಲ. ಹನ್ನೆರಡನೆಯ ದಿನ ತೊಟ್ಟಿಲ ಕಾರ್ಯ ಆಗಿ, ಹೆಸರಿಟ್ಟ ಮೇಲೇ ಎಲ್ಲ ಮೊದಲಿನಂತೆ. ನಾನು ಹದಿಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಕ್ಯಾಲೆಂಡರಿನ ಮೇಲೆ ಕೆಂಪು ಸೀಸದಿಂದ ಮೊದಲನೆಯ ಗೆರೆ ಎಳೆದೆ. ಒಂದು ಅಂದೆ. ಹಿಂದಿನ ಹನ್ನೆರಡು ದಿನ ಲೆಕ್ಕದಲ್ಲಿ ಬರುತ್ತವೆ ಎಂಬುದು ನನಗೆ ಹೊಳೆಯಲೇ ಇಲ್ಲ. ಹೆಸರಿಡುವ ಮೊದಲಿನ ದಿನಗಳನ್ನು ನಮ್ಮ ಮನೆಯಲ್ಲಿ ಯಾರೂ ಯಾವುದಕ್ಕೂ ಎಣಿಸಿದ್ದಿಲ್ಲ.

ತೊಟ್ಟಿಲ ಕಾರ್ಯಕ್ಕೆ ಅಕ್ಕ ಔರಾದಿನಿಂದ ಬಂದಿದ್ದಳು. ಅವಳಲ್ಲಿ ಕಲಿತ ಹೆಣ್ಣುಮಕ್ಕಳು ಐದಾರು ಜನ ಜೊತೆಗೆ, ಅವರಲ್ಲಿ ಬಳೆ ಮಾರುವಾಕೆ ಒಬ್ಬಳು. ಮನೆಯಲ್ಲಿ ಉರ್ದು, ಗಿರಾಕಿಗಳೊಂದಿಗೆ ನಮ್ಮ ಮಾತು, ಬಾಯಿ ಬಹಳ ಚುರುಕು. ಆ ದಿನ ಅಕ್ಕ ಪೂರ್ತಿ ಎಚ್ಚರದಲ್ಲಿದ್ದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಓಣಿಗೆಲ್ಲ ಹಂಚುವ ಗುಗ್ಗರಿ ಕಡಲೆ ಯಾವ ಮನೆಗೆ ಹೋಗಿದೆ ಯಾವ ಮನೆಗೆ ಹೋಗಿಲ್ಲ ಎಂದು ಕುಳಿತಲ್ಲಿಂದಲೇ ವಿಚಾರಿಸುತ್ತಿದ್ದಳು. ಓಣಿಯ ಒಂದು ಬಾಗಿಲೂ ತಪ್ಪಬಾರದು. ಮಗಳು ಫೋನಿನಲ್ಲಿ ಪುಸ್ತಕ ತೋರಿಸಿದಾಗ ಅಕ್ಕ ತನ್ನ ಹೆಸರಿದ್ದ ಕಡೆ ಬೆರಳಿಟ್ಟು, "ಇದು ನಂದೇನು?" ಅಂದು, ಗಲ್ಲ ಒರೆಸಿಕೊಂಡಳು. ಆಮೇಲೆ ತನ್ನವರ ಕಡೆ ತಿರುಗಿದಳು.

"ತಗೀರಿ ನಿಮ್ಮ ನಿಮ್ಮ ಫೋನ್. ಗುಗ್ಗರಿ ಜೋಡಿ ಇದೂ ಒಯ್ಯಿರಿ."

ಮಗಳು ನನ್ನ ಮುಖ ನೋಡಿದಳು. ನಾನು ಅಕ್ಕನ ಪಕ್ಕ ಕುಳಿತು ಹೇಳಿದೆ. "ಈಗ ಕೊಡ್ಲಾಕ ಬರಂಗಿಲ್ಲಕ್ಕಾ. ಅಂಗಡಿಯವ್ರ ಜೋಡಿ ಕರಾರ ಆಗ್ಯಾದ. ಮೂರು ತಿಂಗಳ ತಡಿ."

"ಯಾರ ಮಾಡಿದ್ರು ಕರಾರ?"

"ನಾನೇ."

"ಹುಟ್ಟಸ್ದಾಕಿ ನಾ, ಮಾರಿದಾಕಿ ನೀ," ಅಂದಳು.

ಬಳೆಯಾಕೆ ಬಿಗಿದ ವಾತಾವರಣ ಸಡಿಲಿಸಲು ನಕ್ಕಳು. "ಜಾನೇ ದೇ ಖಾಲಾ, ಹೋಗ್ಲಿ ಬಿಡು! ಮಾಡ್ದಾಕಿ ಬಯಲಾಗ ಕುಂತಾಳ, ಪುಸ್ತಕ ಪರದೆದಾಗ ಕುಂತದ." ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಗುಗ್ಗರಿಯ ತಾಟು ಕೆಳಗಿಟ್ಟು, ಸಂಜೆಯ ಬಸ್ಸಿಗೆ ಹೊರಟುಹೋದಳು.

ಆ ಮೂರು ತಿಂಗಳು ನನ್ನ ಜೀವನದ ಅತ್ಯಂತ ಸಂತೋಷದ ದಿನಗಳು. ಇದರಲ್ಲಿ ಸುಳ್ಳು ಹೇಳಲಾರೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು, ಲೋಬಾನದ ಹೊಗೆ ಕೊಡುವುದು, ಅದರ ಆಕಳಿಕೆಗೆ ಮನೆಯವರನ್ನೆಲ್ಲ ಕೂಗಿ ಕರೆಯುವುದು. ನಡುನಡುವೆ ಔರಾದಿನಿಂದ ಫೋನು ಬರುತ್ತಿತ್ತು. ಮೊದಲು "ಎಷ್ಟ ದಿನ ಉಳಿದಾವ?" ಎಂದು ಕೇಳುತ್ತಿದ್ದಳು ಅಕ್ಕ. ಎರಡನೆಯ ತಿಂಗಳು "ಆ ಹುಡ್ಗೇರು ನನ್ನ ಮಾತು ಸುಳ್ಳ ಅಂತಾರ" ಅಂದಳು. ಆಮೇಲೆ ಒಂದು ದಿನ "ಯಾವದೋ ಒಂದು ಕೊಡೋದಿತ್ತಲ್ಲ, ಏನದು?" ಅಂದಳು. ಆ ದಿನ ನಾನು ಫೋನು ಇಟ್ಟು ಸ್ವಲ್ಪ ಹೊತ್ತು ಅತ್ತೆ. ಅಷ್ಟರಲ್ಲಿ ಕೂಸು ಎದ್ದಿತು.

ಕರಾರಿನೊಳಗೇ ಒಂದು ಸೌಕರ್ಯವಿತ್ತು. ಅವಧಿಯಲ್ಲಿ ಐದು ದಿನ ಪುಸ್ತಕವನ್ನು ಪುಕ್ಕಟೆ ಇಡಬಹುದು. ಮಗಳು ಒಂದು ದಿನ ಹಾಗೆ ಇಟ್ಟಳು. ನಾನು ಔರಾದಿಗೆ ಹೋಗಿ ಅಕ್ಕನ ಅಂಗಳದಲ್ಲಿ ಅವರನ್ನೆಲ್ಲ ಕೂಡಿಸಿದೆ. ಒಬ್ಬೊಬ್ಬರೂ ಅಂಗಡಿಯ ಆಪ್ ಇಳಿಸಬೇಕು, ಇಮೇಲ್ ಹಾಕಬೇಕು, ಪಾಸ್‌ವರ್ಡ್ ಕಟ್ಟಬೇಕು. ಎಷ್ಟೋ ಫೋನುಗಳಲ್ಲಿ ಜಾಗವೇ ಇರಲಿಲ್ಲ. ಬಳೆಯಾಕೆ ಮೊಮ್ಮಕ್ಕಳ ವಿಡಿಯೋ ಅಳಿಸಲು ಒಪ್ಪಲಿಲ್ಲ, ಅದನ್ನು ಒಪ್ಪು ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ಇಬ್ಬರ ಫೋನಿನಲ್ಲಿ ಮಾತ್ರ ಪುಸ್ತಕ ತೆರೆಯಿತು. ಅದರಲ್ಲೂ ಒಬ್ಬಳದರಲ್ಲಿ ಒತ್ತಕ್ಷರಗಳು ಕಳಚಿ ಬಿದ್ದು, ಅಕ್ಷರದ ಜಾಗದಲ್ಲಿ ಚೌಕಗಳು ಕಾಣಿಸಿದವು. ಅಕ್ಕ ಬಾಗಿಲಲ್ಲಿ ನಿಂತು ಇಷ್ಟೂ ನೋಡಿದಳು, ಒಳಗೆ ಹೋಗಿ ಮಲಗಿಕೊಂಡಳು.

ಸರಿ, ತೊಂಬತ್ತು ಮುಗಿಯಲಿ ಎಂದು ಕಾದೆ. ಮೂರು ತಿಂಗಳಾದ ಕೂಡಲೇ ಮಗಳು ಕೂಸನ್ನು ಕರೆದುಕೊಂಡು ಭಾಲ್ಕಿಗೆ ಹೋದಳು. ನಾನು ಖಾಲಿ ಮನೆಯಲ್ಲಿ ಗೆರೆ ಎಳೆಯುವುದನ್ನು ಬಿಡಲಿಲ್ಲ. ಎಂಬತ್ತೈದನೆಯ ಗೆರೆ ಎಳೆದ ದಿನ, ಐದು ದಿನ ಮೊದಲೇ ಹೇಳುತ್ತಿದ್ದೇನೆ ಎಂಬ ಜಂಬದಿಂದ ಫೋನು ಹಚ್ಚಿದೆ.

"ಆ ಟಿಕ್ ತೆಗಿ ಮಗಳ. ಇನ್ನ ಐದು ದಿನ ಅವ."

ಆ ಕಡೆ ಲ್ಯಾಪ್‌ಟಾಪ್ ತೆರೆದ ಸಪ್ಪಳ ಕೇಳಿತು.

"ಅವ್ವಾ, ನೀ ಯಾವಾಗಿಂದ ಎಣಿಸಿದಿ?"

"ತೊಟ್ಟಲದ ಮರುದಿನದಿಂದ."

"ಅಂಗಡಿಯವ್ರಿಗಿ ಪುರುಡು ಇರ್ತದೇನವ್ವಾ? ಒಂದು ವಾರದ ಹಿಂದೇ ಮುಗದದ. ಮತ್ತ ತೊಂಬತ್ತು ದಿನ ಹತ್ತಿ ಕುಂತದ." ಅವಳು ಬೈಯಲಿಲ್ಲ. "ನನಗೂ ನೆಪ್ಪ ಇರಲಿಲ್ಲ" ಅಂದಳು.

ನಾನು ಗೋಡೆಯ ಮೇಲಿನ ಕೆಂಪು ಗೆರೆಗಳನ್ನು ನೋಡುತ್ತ ಕುಳಿತೆ. ಒಂದೂ ತಪ್ಪದೆ, ಒಂದರ ಪಕ್ಕ ಒಂದು, ಅಂಗಿಯ ಹೊಲಿಗೆಯಂತೆ ನೆಟ್ಟಗಿದ್ದವು.

ಮಗಳು ಅಂಗಡಿಯವರಿಗೆ ಪತ್ರ ಬರೆದಳು. ಮುದುಕಿಯ ಲೆಕ್ಕ ತಪ್ಪಿದೆ, ದಯವಿಟ್ಟು ಬಿಟ್ಟುಕೊಡಿ ಎಂದು. ಎರಡು ದಿನಕ್ಕೆ ಉತ್ತರ ಬಂತು, ಸಭ್ಯವಾಗಿಯೇ ಇತ್ತು. ಪುಸ್ತಕವನ್ನು ಅಂಗಡಿಯಿಂದ ತೆಗೆದರೂ ಅವಧಿ ಮುಗಿಯುವ ತನಕ ಕರಾರು ಉಳಿಯುತ್ತದೆ. ಔರಾದಿಗೆ ಹೋದಾಗ ಅಕ್ಕನ ಸೊಸೆ ಹೇಳಿದಳು, ಅತ್ತೆ ಈಗ ಸೂಜಿಗೆ ದಾರ ಪೋಣಿಸುವುದು ಹೇಗೆ ಎಂದೂ ಕೇಳುತ್ತಾರೆ ಎಂದು. ಬಳೆಯಾಕೆ ದಾರಿಯಲ್ಲಿ ಸಿಕ್ಕು, "ಚುಪ್‌ಚಾಪ್ ಕಳಸಿಬಿಡ್ರಿ ಬಾಯಿ, ಯಾರ ಬಂದು ನೋಡ್ತಾರ?" ಅಂದಳು. ನನಗೂ ಮನಸ್ಸಾಗಿತ್ತು. ಮಗಳು ಬೇಡ ಅಂದಳು. ಕರಾರು ಮುರಿದರೆ ಪುಸ್ತಕವನ್ನೂ ಖಾತೆಯನ್ನೂ ಮುಚ್ಚುತ್ತಾರೆ, ಅಕ್ಕನ ಹೆಸರು ಅಲ್ಲಿಂದಲೂ ಹೋಗುತ್ತದೆ.

ಆಗ ನಾನು ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ. ಭಾಲ್ಕಿಗೆ ಹೋಗಿ, ಆ ಕರಾರನ್ನು ಕನ್ನಡದಲ್ಲಿ ಬರೆದುಕೊಡು ಎಂದು ಮಗಳಿಗೆ ಹೇಳಿದೆ. ಎರಡು ಪುಟ ಆಯಿತು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದೆ. ಮೂರನೆಯ ಸಲ ಓದುವಾಗ ಒಂದು ಕಡೆ ಬೆರಳು ನಿಂತಿತು.

"ಇದೇನು, ‘ಡಿಜಿಟಲ್ ರೂಪದಲ್ಲಿ’ ಅಂದ್ರ?"

"ಫೋನಿನಾಗ, ಕಂಪ್ಯೂಟರಿನಾಗ ಓದೋದು."

"ಮತ್ತ ಕಾಗದದ ಮ್ಯಾಲಿಂದು?"

"ಅದಕ್ಕ ಈ ಕರಾರ ತಡಿಯಂಗಿಲ್ಲ," ಅಂದಳು ಮಗಳು. ಅವಳ ಬೆನ್ನ ಹಿಂದೆಯೇ ಝೆರಾಕ್ಸ್ ಮಿಶಿನ್ನು ಬೆಚ್ಚಗೆ ಗುರುಗುಡುತ್ತಿತ್ತು. ಅವಳು ದಿನಾಲೂ ಊರಿನವರ ಕಾಗದಗಳನ್ನೆಲ್ಲ ಅದರಲ್ಲೇ ತೆಗೆಯುತ್ತಾಳೆ. ಛಾಪಿಸಲು ಆಗುವುದಿಲ್ಲ ಎಂದು ಒಮ್ಮೆ ತಿಳಿದ ಮೇಲೆ ಕಾಗದದ ಮಾತನ್ನೇ ನಾವಿಬ್ಬರೂ ಬಿಟ್ಟುಬಿಟ್ಟಿದ್ದೆವು. ಮೊದಲ ದಿನವೇ ಕೊಡಬಹುದಾಗಿತ್ತು. ತೊಟ್ಟಿಲ ಕಾರ್ಯದಲ್ಲಿ, ಗುಗ್ಗರಿಯ ಜೊತೆಗೆ, ಅಕ್ಕ ತನ್ನ ಕೈಯಾರೆ.

ಅದೇ ದಿನ ಮೂವತ್ತು ಪ್ರತಿ ತೆಗೆದೆವು. ಗಿರಾಕಿಗಳಿಗಾದರೆ ಮಗಳು ಹಾಳೆಗಳನ್ನು ಗೋಂದಿನಿಂದ ಅಂಟಿಸಿ ಕೊಡುತ್ತಾಳೆ, ನಾನು ಬೇಡ ಅಂದೆ. ಬೀದರಿಗೆ ತಂದು ನನ್ನ ಮಿಶಿನ್ನಿಗೆ ದಪ್ಪ ಸೂಜಿ ಹಾಕಿ, ಹಾಳೆಗಳನ್ನು ನಡುವೆ ಮಡಚಿ, ಹೊಲಿಗೆಯ ಟಾಕಿ ಉದ್ದ ಇಟ್ಟು ಹೊಲಿದೆ. ಮೊದಲ ಎರಡು ಪ್ರತಿ ಹರಿದವು. ಟಾಕಿ ಸಣ್ಣದಾದರೆ ಕಾಗದ ಅಲ್ಲೇ ಹರಿಯುತ್ತದೆ. ಬೆನ್ನಿಗೆ ಹಳೆಯ ಸೀರೆಯ ಪಟ್ಟಿ ಕೊಟ್ಟು ಹೊಲಿದ ಮೇಲೆ ನಿಂತಿತು. ಎರಡು ದಿನದಲ್ಲಿ ಇಪ್ಪತ್ತೆಂಟು ಪುಸ್ತಕ ಆದವು.

ಔರಾದಿನ ಅಂಗಳದಲ್ಲಿ ಮತ್ತೆ ಎಲ್ಲರೂ ಕೂಡಿದರು. ಬಳೆಯಾಕೆ ಪುಸ್ತಕ ತೆರೆದು, "ಅರೆ, ಇದು ನನಗ ಕಲಸ್ದ ತೊಟ್ಟಿಲ ಹಾಸು!" ಅಂದು ಕೂಗಿದಳು. ಓದಲು ಬರುವವರು ಬಾರದವರಿಗೆ ಓದಿ ಹೇಳಿದರು. ಒಬ್ಬಳು ಅಲ್ಲೇ ಕುಳಿತು ನೆತ್ತಿಯ ಮಡಿಕೆಯನ್ನು ಸೆರಗಿನಲ್ಲಿ ಮಡಚಿ ನೋಡಿದಳು. ಅಕ್ಕ ಹಂಚಲಿಲ್ಲ. ಉಳಿದವನ್ನು ನೀ ಹಂಚು ಎಂದು ಅವಳ ಮಡಿಲಲ್ಲಿ ಪುಸ್ತಕಗಳ ಗಂಟು ಇಟ್ಟೆ. ಅವಳು ಮೇಲಿನದರ ಬೆನ್ನ ಮೇಲೆ ಹೆಬ್ಬೆರಳು ಎಳೆದು, ಹೊರಗೆ ಬಂದ ಒಂದು ದಾರದ ತುದಿ ಕಂಡು, ಬಾಗಿ ಹಲ್ಲಿನಿಂದ ಕಚ್ಚಿ ತೆಗೆದಳು. ಆಮೇಲೆ ಬಂದವರನ್ನೆಲ್ಲ ನೋಡಿ, "ಇವ್ರೆಲ್ಲ ಯಾರ ಮದುವಿಗಿ ಬಂದಾರ?" ಎಂದು ಸೊಸೆಯನ್ನು ಕೇಳಿದಳು. ಬಳೆಯಾಕೆ ಎದ್ದು ಬಂದು ಅವಳ ಕಾಲ ಹತ್ತಿರ ಕುಳಿತಳು, ಈ ಸಲ ಏನೂ ಚೇಷ್ಟೆ ಮಾಡಲಿಲ್ಲ.

ಎರಡನೆಯ ಅವಧಿಗೆ ಗೆರೆ ಎಳೆಯಲಿಲ್ಲ. ನಾನು ಫೋನು ಹಚ್ಚಿದ ದಿನವೇ ಮಗಳು ಟಿಕ್ ತೆಗೆದಿದ್ದಳು. ತೊಂಬತ್ತು ಮುಗಿದ ಮರುದಿನದಿಂದ ದಿನಕ್ಕೊಂದರಂತೆ ಆರು ಅರ್ಜಿ ತುಂಬಿದಳು. ನಾನು ಭಾಲ್ಕಿಯಲ್ಲಿದ್ದು ಕೂಸನ್ನು ನೋಡಿಕೊಂಡೆ. ಒಂದು ಕಡೆ ಮುಖಪುಟದ ಅಳತೆ ತಪ್ಪಿ ತಿರುಗಿ ಬಂತು, ಒಂದು ಕಡೆ ಕನ್ನಡ ಎಂಬ ಭಾಷೆಯೇ ಪಟ್ಟಿಯಲ್ಲಿ ಇರಲಿಲ್ಲ. ಉಳಿದ ನಾಲ್ಕು ಕಡೆ ಪುಸ್ತಕ ಸೇರಿತು. ಫೈಲನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದೆವು. ಅದು ಅವರಿಂದ ಅವರ ತವರಿಗೆ, ನಾದಿನಿಯರಿಗೆ ಹೋಯಿತು. ಭಾತಂಬ್ರಾದಿಂದ ಒಬ್ಬರು ಫೋನು ಮಾಡಿ ಟೊಪ್ಪಿಗೆಯ ಕಟ್ಟಿನ ಬಗ್ಗೆ ಕೇಳಿದರು. ಹೋದ ವಾರ ಬಗದಲ್‌ನ ಹೆಣ್ಣುಮಗಳೊಬ್ಬಳು ಒಂದು ಫೋಟೋ ಕಳಿಸಿದಳು. ಹೊಲದ ಬದುವಿನ ಮೇಲೆ ಒಂದು ಕೂಸು, ತಲೆಯ ಮೇಲೆ ಹಸಿರು ಕುಂಚಿಗೆ, ನೆತ್ತಿಯ ಮಡಿಕೆ ಅಕ್ಕನ ಕೈಯದೇ ಅನ್ನುವ ಹಾಗೆ.

ಮೊಮ್ಮಗಳನ್ನು ಎತ್ತಿಕೊಂಡು ಆ ದಿನದ ಬಸ್ಸಿಗೇ ಔರಾದಿಗೆ ಹೋದೆ. ಅಕ್ಕ ಬಿಸಿಲಿಗೆ ಕುಳಿತಿದ್ದಳು. ಫೋನು ಅವಳ ಕೈಗೆ ಕೊಟ್ಟೆ. ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಯಾರ ಹೊಲ್ದಾರ ಇದು?"

"ಬಗದಲದಾಕಿ ಒಬ್ಬಾಕಿ. ನಮಗ ಗುರ್ತ ಇಲ್ಲ."

"ಚಲೋ ಹೊಲ್ದಾಳ. ಯಾರ ಕಲ್ಸಿದ್ರು?"

"ಪುಸ್ತಕ ನೋಡಿ ಕಲ್ತಾಳಕ್ಕಾ. ಒಬ್ಬಾಕಿ ಮಾಡಿದ ಪುಸ್ತಕ."

"ಯಾರಾಕಿ?"

ನಾನು ಅಕ್ಕನ ಹೆಸರು ಹೇಳಿದೆ. ನಮ್ಮಪ್ಪನ ಹೆಸರು ಸೇರಿಸಿ, ತವರಿನ ಅಡ್ಡಹೆಸರು ಸೇರಿಸಿ, ಪೂರ್ತಿ ಹೇಳಿದೆ. ಅಕ್ಕ ತಲೆದೂಗಿ ಕೇಳಿದಳು, ಬೇರೆ ಯಾರದೋ ಸುದ್ದಿ ಕೇಳುವಂತೆ.

"ಇದ್ದಾಳೇನು ಆಕಿ ಇನ್ನ?"

"ಇದ್ದಾಳ."

"ಹಂಗಾರ ಒಮ್ಮಿ ಕರ್ಕೊಂಡ ಬಾ. ನನಗೂ ಇದು ಕಲಿಬೇಕಂತ ಆಸೆ ಅದ."

ಮೊಮ್ಮಗಳು ಅವಳ ಬಳೆ ಹಿಡಿದು ನಗುತ್ತಿದ್ದಳು.

"ಕರ್ಕೊಂಡ ಬರ್ತೇನಕ್ಕಾ."

"ಯಾವಾಗ?"

"ಬರೋ ಬೇಸ್ತವಾರ."

"ಮರಿಬ್ಯಾಡ ಮತ್ತ," ಅಂದಳು ಅಕ್ಕ.